ವಿಂಡೋಸ್ 10 ತೆಗೆದು ಲಿನಕ್ಸ್ ಮಿಂಟ್ ಹಾಕಿಕೊಳ್ಳುವ ಕ್ರಮ

ವಿಂಡೋಸ್ 10ಕ್ಕೆ ಉಚಿತವಾಗಿ ಸಿಗುತ್ತಿದ್ದ ಭದ್ರತಾ ಅಪ್‌ಡೇಟ್‌ಗಳನ್ನು ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿತು. ಹೆಸರು ನೋಂದಾಯಿಸಿಕೊಂಡ ಮನೆಬಳಕೆಯ ಕಂಪ್ಯೂಟರ್‌ಗಳಿಗೆ ಮತ್ತೊಂದು ವರ್ಷದ ವಿಸ್ತರಣೆಯನ್ನು ಘೋಷಿಸಿತಾದರೂ ಅದು ತಾತ್ಕಾಲಿಕ ವ್ಯವಸ್ಥೆ ಮಾತ್ರ. ವಿಂಡೋಸ್ 11ಕ್ಕೆ ಹೋಗೋಣವೆಂದರೆ ಅದು ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯನ್ನೂ, ಇಂಟೆಲ್ ಆದಲ್ಲಿ ಬಹುಮಟ್ಟಿಗೆ ಎಂಟನೇ ತಲೆಮಾರಿನ ಅಥವಾ ಅದಕ್ಕಿಂತ ಹೊಸ ಪ್ರೊಸೆಸರನ್ನೂ ಕೇಳುತ್ತದೆ. ಹೀಗಾಗಿ 2017ಕ್ಕಿಂತ ಹಿಂದೆ ಕೊಂಡ, ಕೀಬೋರ್ಡ್, ಪರದೆ, ಮದರ್‌ಬೋರ್ಡ್ ಎಲ್ಲವೂ ಸುಸ್ಥಿತಿಯಲ್ಲಿರುವ ಎಷ್ಟೋ ಲ್ಯಾಪ್‌ಟಾಪ್‌ಗಳು ಬರೀ ಸಾಫ್ಟ್‌ವೇರಿನ ಕಾರಣಕ್ಕೆ ಮೂಲೆ ಸೇರುತ್ತಿವೆ. ಪತ್ರ ಬರೆಯಲು, ಬ್ರೌಸರ್ ತೆರೆಯಲು, ಮಕ್ಕಳು ಪಾಠದ ವಿಡಿಯೋ ನೋಡಲು ಇನ್ನೂ ಹಲವು ವರ್ಷ ಒದಗಬಲ್ಲ ಯಂತ್ರವನ್ನು ಗುಜರಿಗೆ ಹಾಕುವುದು ನನಗೆ ಸರಿ ಕಾಣುವುದಿಲ್ಲ. ಅಂಥ ಯಂತ್ರದಿಂದ ವಿಂಡೋಸನ್ನು ಪೂರ್ತಿಯಾಗಿ ತೆಗೆದು ಲಿನಕ್ಸ್ ಮಿಂಟ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಂ ಹಾಕುವ ಕ್ರಮವನ್ನು ಇಲ್ಲಿ ವಿವರಿಸುತ್ತೇನೆ.

ಲಿನಕ್ಸ್ ಬಳಸುವ ಆಪರೇಟಿಂಗ್ ಸಿಸ್ಟಂಗಳು ನೂರಾರಿದ್ದರೂ ಮಿಂಟ್ ಆಯ್ದುಕೊಂಡಿರುವುದಕ್ಕೆ ಕಾರಣವಿದೆ. ಕೆಳಗೆ ಪಟ್ಟಿ, ಎಡ ಮೂಲೆಯಲ್ಲಿ ಮೆನು, ಬಲ ಮೂಲೆಯಲ್ಲಿ ಗಡಿಯಾರ ಇರುವ ಅದರ ಪರದೆಗೆ ವಿಂಡೋಸ್ ಬಳಸಿದವರು ಬೇಗ ಒಗ್ಗಿಕೊಳ್ಳುತ್ತಾರೆ. ಉಬುಂಟು ಎಂಬ ಇನ್ನೊಂದು ಲಿನಕ್ಸ್ ವ್ಯವಸ್ಥೆಯ 24.04 ಆವೃತ್ತಿಯನ್ನು ಆಧರಿಸಿದ ಅದರ 22ನೇ ಸರಣಿಗೆ 2029ರ ಏಪ್ರಿಲ್‌ವರೆಗೆ ಅಪ್‌ಡೇಟ್ ಸಿಗುತ್ತದೆ. ಕನಿಷ್ಠ 2 ಜಿಬಿ ರ್‍ಯಾಮ್ ಮತ್ತು 20 ಜಿಬಿ ಡಿಸ್ಕ್ ಜಾಗ ಸಾಕೆಂದು ಮಿಂಟ್ ತಂಡ ಹೇಳುತ್ತದಾದರೂ 4 ಜಿಬಿ ರ್‍ಯಾಮ್, 100 ಜಿಬಿ ಜಾಗ ಇದ್ದರೆ ಬಳಕೆ ಸಲೀಸು. ನಿಮ್ಮ ಯಂತ್ರದಲ್ಲಿ 4 ಜಿಬಿ ಅಥವಾ ಅದಕ್ಕಿಂತ ಕಡಿಮೆ ರ್‍ಯಾಮ್ ಇದ್ದರೆ ಎಕ್ಸ್‌ಎಫ್‌ಸಿಇ ಎಂಬ ಹಗುರ ಆವೃತ್ತಿಯನ್ನೂ, ಹೆಚ್ಚಿದ್ದರೆ ಸಿನಮನ್ ಆವೃತ್ತಿಯನ್ನೂ ಆರಿಸಿಕೊಳ್ಳಿ.

ಹೊಸ ವ್ಯವಸ್ಥೆಯನ್ನು ಹಾಕುವ ಕೆಲಸ ಸುಮಾರು ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಅದಕ್ಕೆ ಮುಂಚಿನ ತಯಾರಿಗೆ ಮಾತ್ರ ಒಂದು ವಾರವನ್ನಾದರೂ ಕೊಡಿ. ದತ್ತಾಂಶ ಕಳೆದುಕೊಂಡವರಲ್ಲಿ ಹೆಚ್ಚಿನವರು ಎಡವುವುದು ತಯಾರಿಯಲ್ಲೇ. ಆದ್ದರಿಂದ ಈ ಬರಹದ ಹೆಚ್ಚಿನ ಭಾಗವೂ ಅದಕ್ಕೇ ಮೀಸಲು.

ಮೊದಲು ತೀರ್ಮಾನಿಸಬೇಕಾದದ್ದು

ನೀವು ದಿನವೂ ಬಳಸುವ ಪ್ರೋಗ್ರಾಂಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡು, ಪ್ರತಿಯೊಂದೂ ಲಿನಕ್ಸ್‌ನಲ್ಲಿ ನಡೆಯುತ್ತದೆಯೇ ಎಂದು ನೋಡಿ. ಬ್ರೌಸರ್, ವಾಟ್ಸ್‌ಆ್ಯಪ್ ವೆಬ್, ಜೂಮ್, ವಿಎಲ್‌ಸಿ ಇವಕ್ಕೆ ಯಾವ ತೊಂದರೆಯೂ ಇಲ್ಲ. ವರ್ಡ್ ಮತ್ತು ಎಕ್ಸೆಲ್ ಕಡತಗಳನ್ನು ಮಿಂಟ್ ಜೊತೆಗೇ ಬರುವ ಲಿಬ್ರೆ ಆಫೀಸ್ ತೆರೆಯುತ್ತದೆ. ಸಂಕೀರ್ಣ ಮ್ಯಾಕ್ರೋಗಳಿರುವ ಎಕ್ಸೆಲ್ ಕಡತಗಳನ್ನು ಮಾತ್ರ ಮುಂಚೆಯೇ ವಿಂಡೋಸ್‌ನಲ್ಲಿ ಲಿಬ್ರೆ ಆಫೀಸ್ ಹಾಕಿ ಪರೀಕ್ಷಿಸುವುದು ಒಳ್ಳೆಯದು. ಟ್ಯಾಲಿ ವಿಂಡೋಸ್‌ಗಾಗಿಯೇ ಮಾಡಿದ್ದು. ಟೆಂಡರ್ ಅಥವಾ ಜಿಎಸ್‌ಟಿ ಕೆಲಸಕ್ಕೆ ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಬಳಸುವವರು ತಮ್ಮ ಟೋಕನ್ನಿಗೆ ಲಿನಕ್ಸ್ ಡ್ರೈವರ್ ಇದೆಯೇ, ಆಯಾ ಜಾಲತಾಣದ ಸಹಿ ತಂತ್ರಾಂಶ ಲಿನಕ್ಸ್‌ನಲ್ಲಿ ನಡೆಯುತ್ತದೆಯೇ ಎಂಬ ಎರಡನ್ನೂ ಖಚಿತಪಡಿಸಿಕೊಳ್ಳಬೇಕು. ಜೀವನೋಪಾಯದ ಕೆಲಸ ಇಂಥ ಒಂದು ತಂತ್ರಾಂಶದ ಮೇಲೆ ನಿಂತಿದ್ದರೆ ಆ ಯಂತ್ರದಲ್ಲಿ ವಿಂಡೋಸನ್ನು ಅಳಿಸಬೇಡಿ ಎಂಬುದೇ ನನ್ನ ಸ್ಪಷ್ಟ ಸಲಹೆ.

ಪ್ರಿಂಟರ್ ಬಗ್ಗೆಯೂ ಒಂದು ಮಾತು. ಎಚ್‌ಪಿಯ ಬಹುತೇಕ ಪ್ರಿಂಟರ್‌ಗಳನ್ನು ಮಿಂಟ್ ತಾನೇ ಗುರುತಿಸುತ್ತದೆ. ಆದರೆ ನಮ್ಮ ಊರುಗಳ ಜೆರಾಕ್ಸ್ ಅಂಗಡಿಗಳಲ್ಲೂ ಸಣ್ಣ ಕಚೇರಿಗಳಲ್ಲೂ ಹೇರಳವಾಗಿರುವ ಕ್ಯಾನನ್ ಎಲ್‌ಬಿಪಿ 2900 ಮಾದರಿಯು ಕ್ಯಾಪ್ಟ್ ಎಂಬ ತನ್ನದೇ ಆದ ಸಂವಹನ ವಿಧಾನವನ್ನು ಬಳಸುವುದರಿಂದ, ಲಿನಕ್ಸ್‌ನಲ್ಲಿ ಸಿಕ್ಕಿಸಿದ ಕೂಡಲೇ ಕೆಲಸ ಮಾಡುವ ಪ್ರಿಂಟರ್ ಅದಲ್ಲ. ಅದಕ್ಕೆ ಪ್ರತ್ಯೇಕ ಡ್ರೈವರ್ ಹುಡುಕಿ ಹೊಂದಿಸಬೇಕಾಗುತ್ತದೆ.

ಹಳೆಯ ಕನ್ನಡ ಕಡತಗಳು

ಬೇರೆ ಭಾಷೆಗಳ ಕೈಪಿಡಿಗಳಲ್ಲಿ ಕಾಣಸಿಗದ, ನಮಗೆ ಮಾತ್ರ ತೀರಾ ಮುಖ್ಯವಾದ ವಿಷಯವಿದು. ಹತ್ತು ಹದಿನೈದು ವರ್ಷ ಹಿಂದೆ ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿದ ಕಡತಗಳಲ್ಲಿ ಬಹುಪಾಲು, ಎಲ್ಲ ಕಂಪ್ಯೂಟರ್‌ಗಳಿಗೂ ಅರ್ಥವಾಗುವ ಯೂನಿಕೋಡ್ ಸಂಕೇತದಲ್ಲಿಲ್ಲ. ಅವುಗಳಲ್ಲಿ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತಗಳು. ‘ನುಡಿ 01 ಇ’ಯಂಥ ಫಾಂಟ್ ಮಾತ್ರ ಅವುಗಳನ್ನು ಕನ್ನಡವಾಗಿ ತೋರಿಸುತ್ತದೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅದೇ ಕಡತವನ್ನು ತೆರೆದರೆ ಮನೆಪತ್ರದ ಕರಡಾಗಲಿ ಸಂಘದ ನಡವಳಿಯಾಗಲಿ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲಾಗಿ ಕಾಣುತ್ತದೆ. ಆದ್ದರಿಂದ ವಿಂಡೋಸ್ ಇನ್ನೂ ಜೀವಂತವಾಗಿರುವಾಗಲೇ ಎರಡು ಕೆಲಸ ಮಾಡಿ: ಮೊದಲನೆಯದಾಗಿ ವಿಂಡೋಸ್‌ನ ಫಾಂಟ್ಸ್ ಫೋಲ್ಡರಿನಿಂದ ನುಡಿಯ ಎಲ್ಲ ಫಾಂಟ್ ಕಡತಗಳನ್ನು ಪ್ರತಿ ಮಾಡಿಟ್ಟುಕೊಳ್ಳಿ, ಎರಡನೆಯದಾಗಿ ಮುಖ್ಯವಾದ ಕಡತಗಳನ್ನು ನುಡಿಯ ಪರಿವರ್ತಕದ ಮೂಲಕ ಯೂನಿಕೋಡ್‌ಗೆ ಬದಲಿಸಿ, ಮೂಲವನ್ನೂ ಹಾಗೆಯೇ ಉಳಿಸಿಕೊಳ್ಳಿ. ಪರಿವರ್ತನೆಯಾದ ಮೇಲೆ ಒತ್ತಕ್ಷರಗಳನ್ನೂ ಅಂಕಿಗಳನ್ನೂ ಕಣ್ಣಾಡಿಸಿ ನೋಡುವುದು ಅಗತ್ಯ, ಅದರಲ್ಲೂ ಅರ್ಕಾವತ್ತು ಬರುವ ಪದಗಳಲ್ಲಿ ಮತ್ತು ಇಂಗ್ಲಿಷ್ ಪದಗಳು ಮಧ್ಯೆ ಸೇರಿರುವ ಸಾಲುಗಳಲ್ಲಿ.

ಬರಹ ತಂತ್ರಾಂಶದಲ್ಲಿ ಬಿಆರ್‌ಎಚ್ ವಿಸ್ತರಣೆಯಿಂದ ಉಳಿಸಿದ ಕಡತಗಳಿದ್ದರೆ ಅವಕ್ಕೂ ಇದೇ ಎಚ್ಚರಿಕೆ ಅನ್ವಯಿಸುತ್ತದೆ. ಅವುಗಳನ್ನು ಬರಹದಲ್ಲೇ ತೆರೆದು ಯೂನಿಕೋಡ್ ಪಠ್ಯವಾಗಿ ಮತ್ತೊಮ್ಮೆ ಉಳಿಸಿಕೊಳ್ಳಿ. ತಂದೆ ತಾಯಿ ಬರೆದಿಟ್ಟ ನೆನಪುಗಳು, ಊರ ದೇವಸ್ಥಾನದ ಲೆಕ್ಕ, ಎಂದೋ ಬರೆದ ಕವಿತೆ ಇಂಥವೆಲ್ಲ ಹೆಚ್ಚಾಗಿ ಈ ಕಡತಗಳಲ್ಲೇ ಇರುತ್ತವೆ, ಅವುಗಳ ಇನ್ನೊಂದು ಪ್ರತಿ ಎಲ್ಲಿಯೂ ಇರುವುದಿಲ್ಲ.

ಪ್ರತಿ ಮಾಡಿಕೊಳ್ಳುವುದು

ಕಂಪ್ಯೂಟರ್ ಅಂಗಡಿಯವರು ವಿಂಡೋಸ್ ಮತ್ತೆ ಹಾಕಿಕೊಡುವಾಗ ಸಿ ಡ್ರೈವನ್ನು ಮಾತ್ರ ಫಾರ್ಮ್ಯಾಟ್ ಮಾಡುವ ರೂಢಿ ನಮ್ಮಲ್ಲಿದೆ. ಇದರಿಂದಾಗಿ ಡಿ ಡ್ರೈವ್‌ನಲ್ಲಿ ಇಟ್ಟದ್ದು ಸುರಕ್ಷಿತ ಎಂಬ ನಂಬಿಕೆ ಬಹಳ ಜನರಲ್ಲಿ ಬೇರೂರಿದೆ. ಆದರೆ ಬಹುತೇಕ ಲ್ಯಾಪ್‌ಟಾಪ್‌ಗಳಲ್ಲಿ ಸಿ, ಡಿ, ಇ ಎನ್ನುವವು ಒಂದೇ ಡಿಸ್ಕಿನ ಭಾಗಗಳು. ಮಿಂಟ್ ಹಾಕುವಾಗ ಇಡೀ ಡಿಸ್ಕನ್ನು ಅಳಿಸುವ ಆಯ್ಕೆಯನ್ನು ಒತ್ತಿದರೆ ಈ ಎಲ್ಲ ಭಾಗಗಳೂ, ಜೊತೆಗೆ ತಯಾರಕರು ಇಟ್ಟಿದ್ದ ಗುಪ್ತ ರಿಕವರಿ ಭಾಗವೂ ಒಟ್ಟಿಗೆ ಹೋಗುತ್ತವೆ. ಬರಹದುದ್ದಕ್ಕೂ ಒಂದೇ ಒಂದು ವಾಕ್ಯವನ್ನು ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ: ಡಿ ಡ್ರೈವ್ ಎಂಬುದು ಬ್ಯಾಕಪ್ ಅಲ್ಲ.

ಹೊರಗಿನ ಹಾರ್ಡ್ ಡಿಸ್ಕ್ ಒಂದಕ್ಕೆ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಪಿಕ್ಚರ್ಸ್ ಫೋಲ್ಡರುಗಳನ್ನೂ ಡಿ ಮತ್ತು ಇ ಡ್ರೈವ್‌ಗಳನ್ನೂ ಪೂರ್ತಿಯಾಗಿ ಪ್ರತಿ ಮಾಡಿ. ಒನ್‌ಡ್ರೈವ್ ಬಳಸುತ್ತಿದ್ದರೆ ಕಡತದ ಹೆಸರಿನ ಪಕ್ಕದಲ್ಲಿ ಮೋಡದ ಗುರುತು ಇದೆಯೇ ನೋಡಿ. ಹಾಗಿದ್ದರೆ ಆ ಕಡತ ನಿಮ್ಮ ಡಿಸ್ಕಿನಲ್ಲಿಲ್ಲ, ಹೆಸರು ಮಾತ್ರ ಇಲ್ಲಿದ್ದು ಒಳಗಿನ ಸರಕು ಮೈಕ್ರೋಸಾಫ್ಟ್‌ನ ಸರ್ವರಿನಲ್ಲಿದೆ. ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳು ಮತ್ತು ಬುಕ್‌ಮಾರ್ಕ್‌ಗಳು, ಔಟ್‌ಲುಕ್‌ನ ಪಿಎಸ್‌ಟಿ ಕಡತ, ಟ್ಯಾಲಿಯ ಡೇಟಾ ಫೋಲ್ಡರ್ ಇವು ಸಾಮಾನ್ಯವಾಗಿ ಮರೆತುಹೋಗುವಂಥವು. ಪ್ರತಿ ಮುಗಿದ ಮೇಲೆ ಆ ಹಾರ್ಡ್ ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಜೋಡಿಸಿ, ಅಲ್ಲೊಂದು ಇಲ್ಲೊಂದು ಫೋಟೋ, ಪಿಡಿಎಫ್, ವರ್ಡ್ ಕಡತಗಳನ್ನು ನಿಜವಾಗಿ ತೆರೆದು ನೋಡಿ. ಹೆಸರು ಕಾಣುತ್ತಿದೆ ಎಂದ ಮಾತ್ರಕ್ಕೆ ಕಡತ ಸರಿಯಾಗಿದೆ ಎಂದರ್ಥವಲ್ಲ.

ಇದಾದ ಮೇಲೆ ವಿಂಡೋಸ್‌ನಲ್ಲೇ ಇನ್ನು ಮೂರು ಸಣ್ಣ ಕೆಲಸಗಳಿವೆ. ಡಿಸ್ಕ್ ಬಿಟ್‌ಲಾಕರ್ ಎಂಬ ವಿಂಡೋಸ್ ಸೌಲಭ್ಯದಿಂದ ಗೂಢಲಿಪೀಕರಣಗೊಂಡಿದ್ದರೆ (ಕೀಲಿಯಿಲ್ಲದೆ ಓದಲಾಗದಂತೆ ಬೀಗ ಬಿದ್ದಿದ್ದರೆ) 48 ಅಂಕಿಗಳ ರಿಕವರಿ ಕೀಲಿಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ, ಏಕೆಂದರೆ ಬಯಾಸ್‌ನಲ್ಲಿ, ಅಂದರೆ ಯಂತ್ರ ಚಾಲೂ ಆಗುವಾಗ ಮೊದಲು ಓಡುವ ಮದರ್‌ಬೋರ್ಡಿನ ತಂತ್ರಾಂಶದಲ್ಲಿ, ಏನಾದರೂ ಬದಲಿಸಿದ ಬಳಿಕ ವಿಂಡೋಸ್ ಅದನ್ನು ಕೇಳಬಹುದು. ತಯಾರಕರ ಜಾಲತಾಣದಲ್ಲಿ ಹೊಸ ಬಯಾಸ್ ಅಪ್‌ಡೇಟ್ ಇದ್ದರೆ ಈಗಲೇ ಹಾಕಿಕೊಳ್ಳಿ. ಅನೇಕ ಕಂಪನಿಗಳು ಅದನ್ನು ವಿಂಡೋಸ್ ಪ್ರೋಗ್ರಾಂ ರೂಪದಲ್ಲಷ್ಟೇ ಕೊಡುತ್ತವೆ. ಕೊನೆಯದಾಗಿ, ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಷನ್ ಟೂಲ್ ಬಳಸಿ 8 ಜಿಬಿಯ ಒಂದು ಪೆನ್‌ಡ್ರೈವ್‌ನಲ್ಲಿ ವಿಂಡೋಸ್ ಅಳವಡಿಕೆಯ ಪ್ರತಿಯನ್ನು ಮಾಡಿಟ್ಟುಕೊಳ್ಳಿ. ವಿಂಡೋಸ್ 8ರ ಕಾಲದಿಂದೀಚೆಗೆ ವಿಂಡೋಸ್ ಸಹಿತ ಮಾರಾಟವಾದ ಲ್ಯಾಪ್‌ಟಾಪ್‌ಗಳಲ್ಲಿ ಪರವಾನಗಿಯ ಕೀಲಿ ಸಾಮಾನ್ಯವಾಗಿ ಮದರ್‌ಬೋರ್ಡಿನ ಫರ್ಮ್‌ವೇರ್‌ನಲ್ಲೇ ಇರುತ್ತದೆ. ಡಿಸ್ಕ್ ಅಳಿಸಿದರೂ ಅದು ಅಳಿಯುವುದಿಲ್ಲವಾದ್ದರಿಂದ ಮುಂದೊಂದು ದಿನ ಮನಸ್ಸು ಬದಲಾದರೆ ಹಿಂದಿರುಗುವ ದಾರಿ ತೆರೆದೇ ಇರುತ್ತದೆ.

ಡಿಸ್ಕನ್ನೇ ಬದಲಿಸುವ ದಾರಿ

ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಇನ್ನೂ ತಿರುಗುವ ಹಾರ್ಡ್ ಡಿಸ್ಕ್ ಇದ್ದರೆ, ಅದನ್ನು ಅಳಿಸುವ ಬದಲು ಬಿಚ್ಚಿ ತೆಗೆದು ತಿರುಗುವ ಭಾಗಗಳಿಲ್ಲದ, ವೇಗದ 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಹಾಕಿಸಿ, ಅದರ ಮೇಲೆ ಮಿಂಟ್ ಅಳವಡಿಸಿ. ಹಳೆಯ ಯಂತ್ರ ನಿಧಾನವಾಗಿರುವುದಕ್ಕೆ ಪ್ರೊಸೆಸರ್‌ಗಿಂತ ಹೆಚ್ಚಾಗಿ ಈ ಡಿಸ್ಕೇ ಕಾರಣವಾಗಿರುತ್ತದೆ; ಮಿಂಟ್ ಎಷ್ಟೇ ಹಗುರವಾಗಿದ್ದರೂ ತಿರುಗುವ ಡಿಸ್ಕಿನ ಮೇಲೆ ಅದು ತನ್ನ ಪೂರ್ಣ ವೇಗವನ್ನು ತೋರಿಸಲಾರದು. ಇದರ ಎರಡನೆಯ ಲಾಭ ಇನ್ನೂ ದೊಡ್ಡದು: ವಿಂಡೋಸ್, ಡಿ ಡ್ರೈವ್, ರಿಕವರಿ ಭಾಗ ಎಲ್ಲವೂ ಇದ್ದಂತೆಯೇ ಇರುವ ಹಳೆಯ ಡಿಸ್ಕು ನಿಮ್ಮ ಬೀರುವಿನಲ್ಲಿ ಉಳಿಯುತ್ತದೆ. ಯುಎಸ್‌ಬಿ ಕೇಸ್ ಒಂದರಲ್ಲಿ ಹಾಕಿದರೆ ಅದನ್ನು ಮಿಂಟ್‌ನಿಂದಲೇ ಓದಬಹುದು. ಬಿಚ್ಚುವ ಮುನ್ನ ವಿಂಡೋಸ್‌ನ ಪವರ್ ಆಯ್ಕೆಗಳಲ್ಲಿ ಫಾಸ್ಟ್ ಸ್ಟಾರ್ಟಪ್ ಸೌಲಭ್ಯವನ್ನು ನಿಲ್ಲಿಸಿ ಪೂರ್ತಿ ಶಟ್‌ಡೌನ್ ಮಾಡಿ. ಇಲ್ಲವಾದರೆ ಆ ಡಿಸ್ಕ್ ಅರೆನಿದ್ರೆಯ ಸ್ಥಿತಿಯಲ್ಲಿದ್ದು, ಲಿನಕ್ಸ್ ಅದನ್ನು ಓದಲು ಮಾತ್ರ ತೆರೆಯುತ್ತದೆ, ಬರೆಯಲು ಬಿಡುವುದಿಲ್ಲ. ಖರ್ಚು ಮಾಡಲು ಸಾಧ್ಯವಿರುವವರಿಗೆ ನಾನು ಹೇಳುವುದು ಈ ದಾರಿಯನ್ನೇ.

ಪೆನ್‌ಡ್ರೈವ್ ಸಿದ್ಧಪಡಿಸುವುದು ಮತ್ತು ಪ್ರಯೋಗ

ಮಿಂಟ್‌ನ ಅಧಿಕೃತ ಜಾಲತಾಣದಿಂದ ಐಎಸ್‌ಒ ಕಡತವನ್ನು, ಅಂದರೆ ಇಡೀ ಅಳವಡಿಕೆಯನ್ನು ಒಳಗೊಂಡ ಒಂದೇ ಕಡತವನ್ನು, ಇಳಿಸಿಕೊಳ್ಳಿ. ಅದು ಸುಮಾರು 3 ಜಿಬಿ ಇರುತ್ತದೆ. ಇಳಿಸುವಾಗ ಸಂಪರ್ಕ ಕಡಿದು ಕಡತ ಹಾಳಾಗಿದ್ದರೆ ಅಳವಡಿಕೆ ಅರ್ಧದಲ್ಲಿ ನಿಲ್ಲಬಹುದು, ಆದ್ದರಿಂದ ಪರಿಶೀಲಿಸಲೇಬೇಕು. ರೂಫಸ್ ಎಂಬ ಉಚಿತ ತಂತ್ರಾಂಶದಲ್ಲಿ ಐಎಸ್‌ಒ ಆಯ್ದು, ಅದರ ಪಕ್ಕದಲ್ಲಿರುವ ಸರಿ ಗುರುತಿನ ಗುಂಡಿಯನ್ನು ಒತ್ತಿದರೆ ಕಡತದ ಬೆರಳಚ್ಚಿನಂತಿರುವ ಎಸ್‌ಎಚ್‌ಎ 256 ಮೊತ್ತ ಕಾಣುತ್ತದೆ. 64 ಅಕ್ಷರಗಳ ಆ ಸಾಲು ಮಿಂಟ್ ಜಾಲತಾಣದಲ್ಲಿ ಕೊಟ್ಟಿರುವ ಸಾಲಿಗೆ ಅಕ್ಷರಶಃ ಹೊಂದಬೇಕು. ಹೊಂದಿದರೆ ಅದೇ ರೂಫಸ್‌ನಿಂದ ಇನ್ನೊಂದು ಪೆನ್‌ಡ್ರೈವ್‌ಗೆ ಬರೆಯಿರಿ. ಪೆನ್‌ಡ್ರೈವ್‌ನಲ್ಲಿ ಇದ್ದುದೆಲ್ಲ ಅಳಿಸಿಹೋಗುತ್ತದೆ ಎಂಬುದು ಗೊತ್ತಿರಲಿ.

ಕಂಪ್ಯೂಟರನ್ನು ಮತ್ತೆ ಚಾಲೂ ಮಾಡುವಾಗ ಬೂಟ್ ಮೆನುವಿನ (ಯಾವ ಡಿಸ್ಕಿನಿಂದ ಚಾಲೂ ಆಗಬೇಕೆಂದು ಆರಿಸುವ ಪಟ್ಟಿಯ) ಕೀಲಿಯನ್ನು ಒತ್ತುತ್ತಿರಿ. ಡೆಲ್ ಮತ್ತು ಲೆನೊವೊ ಯಂತ್ರಗಳಲ್ಲಿ ಅದು ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9, ಏಸುಸ್ ಲ್ಯಾಪ್‌ಟಾಪ್‌ಗಳಲ್ಲಿ ಎಸ್ಕೇಪ್. ಏಸರ್‌ನಲ್ಲಿ ಎಫ್12 ಕೀಲಿಯನ್ನು ಮೊದಲು ಬಯಾಸ್‌ನೊಳಗೆ ಹೋಗಿ ಸಕ್ರಿಯಗೊಳಿಸಬೇಕಾಗುವುದುಂಟು. ಪೆನ್‌ಡ್ರೈವ್ ಆಯ್ದುಕೊಂಡ ಮೇಲೆ ಮಿಂಟ್‌ನ ಪೂರ್ಣ ಪರದೆ ತೆರೆದುಕೊಳ್ಳುತ್ತದೆ, ಡಿಸ್ಕಿನಲ್ಲಿರುವ ಯಾವುದೂ ಇನ್ನೂ ಬದಲಾಗಿರುವುದಿಲ್ಲ.

ಈ ಹಂತದಲ್ಲಿ ಆತುರಪಡಬೇಡಿ. ವೈಫೈ ಸಿಗುತ್ತದೆಯೇ, ಸ್ಪೀಕರಿನಲ್ಲಿ ಧ್ವನಿ ಬರುತ್ತದೆಯೇ, ಕ್ಯಾಮೆರಾ ಚಿತ್ರ ತೋರಿಸುತ್ತದೆಯೇ, ಪರದೆಯ ಬೆಳಕು ಹೆಚ್ಚಿಸುವ ಕೀಲಿಗಳು ಸ್ಪಂದಿಸುತ್ತವೆಯೇ, ಮುಚ್ಚಳ ಮುಚ್ಚಿ ತೆರೆದಾಗ ಯಂತ್ರ ಎಚ್ಚರಗೊಳ್ಳುತ್ತದೆಯೇ ಎಂದು ಒಂದೊಂದನ್ನೂ ನೋಡಿ. ಬ್ರಾಡ್‌ಕಾಮ್ ವೈಫೈ ಚಿಪ್ ಇರುವ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಜಾಲ ಕಾಣಿಸದೆ ಹೋಗಬಹುದು. ಆಗ ಮೊಬೈಲನ್ನು ಯುಎಸ್‌ಬಿ ತಂತಿಯಿಂದ ಜೋಡಿಸಿ ಟೆದರಿಂಗ್ ಮೂಲಕ ಅಂತರ್ಜಾಲ ಪಡೆದು, ಮುಂದೆ ಡ್ರೈವರ್ ಮ್ಯಾನೇಜರ್‌ನಿಂದ ಸರಿಪಡಿಸಿಕೊಳ್ಳಬಹುದು. ಪೆನ್‌ಡ್ರೈವ್‌ನಿಂದ ನಡೆಯುವಾಗ ಎಲ್ಲವೂ ತುಸು ನಿಧಾನವಾಗಿರುವುದು ಸಹಜ, ಅದನ್ನು ಅಂತಿಮ ವೇಗವೆಂದು ಎಣಿಸಬೇಡಿ.

ಅಳವಡಿಕೆ

ಚಾರ್ಜರ್ ಸಿಕ್ಕಿಸಿ, ಬ್ಯಾಕಪ್ ಇರುವ ಹೊರಗಿನ ಡಿಸ್ಕನ್ನು ತೆಗೆದು ದೂರವಿಟ್ಟು, ಪರದೆಯ ಮೇಲಿರುವ ‘ಇನ್‌ಸ್ಟಾಲ್ ಲಿನಕ್ಸ್ ಮಿಂಟ್’ ಗುರುತನ್ನು ಒತ್ತಿ. ಭಾಷೆ ಮತ್ತು ಕೀಬೋರ್ಡ್ ಕೇಳಿದಾಗ ಸದ್ಯಕ್ಕೆ ಇಂಗ್ಲಿಷ್ ಇರಲಿ. ಪಾಸ್‌ವರ್ಡ್ ಟೈಪ್ ಮಾಡುವಾಗ ಗೊಂದಲವಾಗುವುದಿಲ್ಲ. ಮಲ್ಟಿಮೀಡಿಯಾ ಕೋಡೆಕ್‌ಗಳನ್ನು ಹಾಕಲೇ ಎಂಬ ಪ್ರಶ್ನೆಗೆ ಹೌದೆನ್ನಿ. ಸೆಕ್ಯೂರ್ ಬೂಟ್ ಎಂಬ ಬಯಾಸ್‌ನ ಭದ್ರತಾ ಸೌಲಭ್ಯ ಚಾಲೂ ಇರುವ ಯಂತ್ರವಾದರೆ ಇದೇ ಹಂತದಲ್ಲಿ ಒಂದು ಪಾಸ್‌ವರ್ಡ್ ಕೇಳಬಹುದು. ಅಳವಡಿಕೆ ಮುಗಿದು ಮೊದಲ ಸಲ ಮರುಚಾಲನೆಯಾಗುವಾಗ ಬರುವ ನೀಲಿ ಪರದೆಯಲ್ಲಿ ‘ಎನ್‌ರೋಲ್ ಎಂಒಕೆ’ ಆಯ್ದು ಅದೇ ಪಾಸ್‌ವರ್ಡ್ ಕೊಡಬೇಕು. ಆ ಪರದೆಯನ್ನು ಕಂಡು ಗಾಬರಿಯಾಗಿ ಯಂತ್ರವನ್ನು ಆರಿಸುವವರಿದ್ದಾರೆ, ಅದು ದೋಷವಲ್ಲ.

ಮುಂದೆ ಬರುವ ‘ಇರೇಸ್ ಡಿಸ್ಕ್ ಅಂಡ್ ಇನ್‌ಸ್ಟಾಲ್ ಲಿನಕ್ಸ್ ಮಿಂಟ್’ ಎಂಬ ಸಾಲೇ ಇಡೀ ಕೆಲಸದ ನಿರ್ಣಾಯಕ ಘಟ್ಟ. ಯಂತ್ರದಲ್ಲಿ ಎರಡು ಡಿಸ್ಕ್‌ಗಳಿದ್ದರೆ ಯಾವುದು ಅಳಿಯುತ್ತದೆಂಬುದನ್ನು ಅದರ ಗಾತ್ರ ಮತ್ತು ಹೆಸರಿನಿಂದ ಖಚಿತಪಡಿಸಿಕೊಳ್ಳಿ. ಲ್ಯಾಪ್‌ಟಾಪ್ ಹೊರಗೆ ಒಯ್ಯುವವರು ಇಲ್ಲಿನ ಅಡ್ವಾನ್ಸ್ಡ್ ಫೀಚರ್ಸ್‌ನಲ್ಲಿ ಡಿಸ್ಕ್ ಗೂಢಲಿಪೀಕರಣವನ್ನು ಆರಿಸಿಕೊಳ್ಳಬಹುದು, ಆದರೆ ಆ ಪಾಸ್‌ವರ್ಡ್ ಮರೆತರೆ ಒಳಗಿರುವುದನ್ನು ಯಾರೂ ತೆಗೆದುಕೊಡಲಾರರು. ಡಿಸ್ಕೇ ಪಟ್ಟಿಯಲ್ಲಿ ಕಾಣದಿದ್ದರೆ ಬಯಾಸ್‌ನಲ್ಲಿ ಡಿಸ್ಕಿನ ವಿಧಾನ ಇಂಟೆಲ್ ಆರ್‌ಎಸ್‌ಟಿ ಅಥವಾ ರೇಡ್ ಎಂದಿರುವ ಸಾಧ್ಯತೆ ಹೆಚ್ಚು. ಅದನ್ನು ಎಎಚ್‌ಸಿಐ ಎಂದು ಬದಲಿಸಿದರೆ ಕಾಣುತ್ತದೆ. ಬದಲಿಸಿದ ಮೇಲೆ ಹಳೆಯ ವಿಂಡೋಸ್ ಬೂಟ್ ಆಗದೆ ಹೋಗಬಹುದಾದ್ದರಿಂದ ಬ್ಯಾಕಪ್ ಮುಗಿದಿರದೆ ಅದನ್ನು ಮುಟ್ಟಬೇಡಿ.

ಸಮಯವಲಯಕ್ಕೆ ಕೋಲ್ಕತ್ತ ಎಂದು ಆರಿಸಿ, ಹೆಸರು ಮತ್ತು ಪಾಸ್‌ವರ್ಡ್ ಕೊಟ್ಟರೆ ಉಳಿದದ್ದು ತಾನೇ ನಡೆಯುತ್ತದೆ.

ಮೊದಲ ದಿನದ ಕೆಲಸಗಳು

ಎಲ್ಲಕ್ಕಿಂತ ಮೊದಲು ಟೈಮ್‌ಶಿಫ್ಟ್ ತೆರೆದು ವ್ಯವಸ್ಥೆಯ ಒಂದು ಸ್ನ್ಯಾಪ್‌ಶಾಟ್ ತೆಗೆದಿಡಿ; ಮುಂದೆ ಯಾವುದೋ ಅಪ್‌ಡೇಟ್ ಎಡವಟ್ಟು ಮಾಡಿದರೆ ಅಲ್ಲಿಗೆ ಹಿಂತಿರುಗಬಹುದು. ಅದು ಕಾಪಾಡುವುದು ಆಪರೇಟಿಂಗ್ ಸಿಸ್ಟಂನ ಕಡತಗಳನ್ನು, ನಿಮ್ಮ ಫೋಟೋ ಮತ್ತು ಪತ್ರಗಳನ್ನಲ್ಲ. ಬಳಿಕ ಅಪ್‌ಡೇಟ್ ಮ್ಯಾನೇಜರ್ ಮತ್ತು ಡ್ರೈವರ್ ಮ್ಯಾನೇಜರ್‌ಗಳನ್ನು ಓಡಿಸಿ, ಫೈರ್‌ವಾಲ್ ಚಾಲೂ ಮಾಡಿ.

ಕನ್ನಡ ಓದಲು ಬೇಕಾದ ಫಾಂಟ್‌ಗಳು ಇದ್ದೇ ಇರುತ್ತವೆ, ಗುಬ್ಬಿ, ನವಿಲು, ಲೋಹಿತ್ ಇಂಥವು ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲೂ ಸಿಗುತ್ತವೆ. ಟೈಪ್ ಮಾಡಲು ಸಾಫ್ಟ್‌ವೇರ್ ಮ್ಯಾನೇಜರ್‌ನಿಂದ ಐಬಸ್ ಎಂಬ ಟೈಪಿಂಗ್ ತಂತ್ರಾಂಶ ಮತ್ತು ಅದರ ಎಂ17ಎನ್ ಪ್ಯಾಕೇಜನ್ನು ಹಾಕಿಕೊಂಡು, ಇನ್‌ಪುಟ್ ಮೆಥಡ್ ಸಾಧನದಲ್ಲಿ ಐಬಸ್ ಆಯ್ದು, ಒಮ್ಮೆ ಲಾಗ್ ಔಟ್ ಆಗಿ ಬನ್ನಿ. ಬಳಿಕ ಐಬಸ್‌ನ ಆಯ್ಕೆಗಳಲ್ಲಿ ಕನ್ನಡದಡಿ ಕೆಜಿಪಿ ಎಂಬ ಕೀಲಿವಿನ್ಯಾಸವನ್ನು ಸೇರಿಸಿಕೊಂಡರೆ ನುಡಿಯಲ್ಲಿ ಪಳಗಿದ ಬೆರಳುಗಳಿಗೆ ಹೊಸದಾಗಿ ಕಲಿಯಬೇಕಾದದ್ದು ಏನೂ ಇಲ್ಲ. ಕೆ, ಎನ್, ಎಫ್, ಎನ್, ಡಬ್ಲ್ಯೂ ಕೀಲಿಗಳನ್ನು ಒತ್ತಿದರೆ ಇಲ್ಲಿಯೂ ‘ಕನ್ನಡ’ ಎಂದೇ ಮೂಡುತ್ತದೆ. ಎಫ್ ಕೀಲಿಯೇ ಇಲ್ಲಿಯೂ ಒತ್ತಕ್ಷರದ ಕೊಂಡಿ. ಬರಹದಂತೆ ಇಂಗ್ಲಿಷ್ ಉಚ್ಚಾರಣೆಯ ಜಾಡಿನಲ್ಲಿ ಟೈಪ್ ಮಾಡುವವರು ಐಟ್ರಾನ್ಸ್ ಆರಿಸಿಕೊಳ್ಳಲಿ. ಮುಂಚೆ ಪ್ರತಿ ಮಾಡಿಟ್ಟ ನುಡಿ ಫಾಂಟ್ ಕಡತಗಳನ್ನು ಡಬಲ್ ಕ್ಲಿಕ್ ಮಾಡಿ ಹಾಕಿಕೊಂಡರೆ, ಪರಿವರ್ತಿಸದೆ ಉಳಿದ ಹಳೆಯ ಕಡತಗಳೂ ಲಿಬ್ರೆ ಆಫೀಸ್‌ನಲ್ಲಿ ಕನ್ನಡವಾಗಿಯೇ ಕಾಣುತ್ತವೆ. ಮೆನುಗಳನ್ನೂ ಕನ್ನಡದಲ್ಲಿ ನೋಡಬೇಕೆನ್ನುವವರು ಭಾಷೆಯ ಆಯ್ಕೆಯಲ್ಲಿ ಕನ್ನಡ ಸೇರಿಸಬಹುದು. ಅನುವಾದ ಇನ್ನೂ ಪೂರ್ಣವಾಗಿಲ್ಲವಾದ್ದರಿಂದ ಅಲ್ಲಲ್ಲಿ ಇಂಗ್ಲಿಷ್ ಉಳಿದಿರುತ್ತದೆ, ಆ ಕೊರತೆಯನ್ನು ತುಂಬಲು ಅನುವಾದಕ್ಕೆ ಕೈಜೋಡಿಸುವ ಅವಕಾಶ ಯಾರಿಗೂ ಇದೆ.

ಕಡತಗಳನ್ನೆಲ್ಲ ಹೊಸ ವ್ಯವಸ್ಥೆಗೆ ತಂದುಕೊಂಡ ಮೇಲೂ ಹೊರಗಿನ ಡಿಸ್ಕಿನಲ್ಲಿರುವ ಪ್ರತಿಯನ್ನು ಅಳಿಸಬೇಡಿ. ಏನೋ ಬಿಟ್ಟುಹೋಗಿದೆ ಎಂಬುದು ತಿಳಿಯುವುದು ಅದು ಬೇಕಾದ ದಿನ. ಆದಾಯ ತೆರಿಗೆ ವಿವರ ಸಲ್ಲಿಸುವ ಜುಲೈ ತಿಂಗಳಲ್ಲಿ ಹಳೆಯ ಫಾರ್ಮ್ 16 ಹುಡುಕುವಾಗ, ಶಾಲೆಗೆ ಮಗುವಿನ ಜನನ ಪ್ರಮಾಣಪತ್ರದ ಸ್ಕ್ಯಾನ್ ಕೇಳಿದಾಗ ಇಂಥ ಸಂದರ್ಭಗಳು ಬರುತ್ತವೆ. ಆ ಪ್ರತಿಯನ್ನು ಕನಿಷ್ಠ ಒಂದು ವರ್ಷ ಹಾಗೆಯೇ ಇಟ್ಟು, ಹೊಸ ಬ್ಯಾಕಪ್‌ಗೆ ಬೇರೊಂದು ಡಿಸ್ಕ್ ಬಳಸಿ.